ಪಾಠಶಾಲೆಗಳಲ್ಲಿ ಯೋಗಾಭ್ಯಾಸ: ಒಂದು ವಿವಾದದ ಇತಿಹಾಸ



ಮಕ್ಕಳು ಚಕ್ಕಳಮಕ್ಕಳ ಹಾಕಿಕೊಂಡು ನೆಲದ ಮೇಲೆ ಕುಳಿತುಕೊಳ್ಳುವುದು ನ್ಯಾಯಸ್ಥಾನದ ಮೆಟ್ಟಲು ಹತ್ತತಕ್ಕ ವಿಷಯವಾದೀತೆಂದು ನಮ್ಮ ಹಿರಿಯರಲ್ಲಿ ಯಾರೂ ಎಣಿಸಿರಲಾರರು. ನಮ್ಮ ಮನೆಗಳಲ್ಲಿ ಊಟಕ್ಕೆ ಹಾಗೆ ಕುಳಿತೆವು. ಮಠದಲ್ಲಿ ಅಕ್ಷರ ತಿದ್ದುವುದಕ್ಕೂ ಹಾಗೆಯೇ ಕುಳಿತೆವು. ಆದರೆ 2013ರಲ್ಲಿ ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಸಂಸ್ಥಾನದ ಎನ್ಸಿನಿಟಾಸ್ ಎಂಬ ಕಡಲತೀರದ ಪಟ್ಟಣದಲ್ಲಿ ಇದೇ ವಿಷಯವಾಗಿ ದಾವೆ ನಡೆಯಿತು. ಸರ್ಕಾರಿ ಪಾಠಶಾಲೆಯ ಮಕ್ಕಳಿಗೆ ಯೋಗಾಸನಗಳನ್ನು ಕಲಿಸುವುದು ವ್ಯಾಯಾಮವೋ, ಅಥವಾ ಮತಬೋಧೆಯೋ ಎಂಬುದೇ ಆ ವ್ಯಾಜ್ಯದ ಮುಖ್ಯ ಪ್ರಶ್ನೆ. ಆ ಪಟ್ಟಣಕ್ಕೂ ನಮ್ಮ ಮೈಸೂರಿಗೂ ಒಂದು ನೇರವಾದ ಸಂಬಂಧವುಂಟು. ಆದುದರಿಂದ ಈ ವಿವಾದವನ್ನು ದೂರದೇಶದ ವಿನೋದವೆಂದು ಕೇಳಿ ಬಿಡದೆ, ನಮ್ಮ ಮನೆಯ ವಿಷಯವೆಂದೇ ವಿಚಾರಮಾಡಬೇಕೆಂದು ನಮಗೆ ತೋರಿದೆ.

ಮೊದಲು ಅಮೆರಿಕಾದ ಹಿನ್ನೆಲೆಯನ್ನು ತಿಳಿದುಕೊಳ್ಳೋಣ. ಸರ್ಕಾರವು ಯಾವ ಮತವನ್ನೂ ಸ್ಥಾಪಿಸಕೂಡದು, ಯಾರ ಮತಾಚರಣೆಗೂ ಅಡ್ಡಿಮಾಡಕೂಡದು ಎಂಬುದು ಆ ದೇಶದ ರಾಜ್ಯಾಂಗಕ್ಕೆ 1791ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿಯ ವಿಧಿ. ಹೀಗಿದ್ದರೂ ಬಹುಕಾಲದವರೆಗೆ ಅಲ್ಲಿನ ಅನೇಕ ಸರ್ಕಾರಿ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯೂ ಬೈಬಲ್ ಪಠನವೂ ನಡೆಯುತ್ತಲೇ ಇದ್ದುವು. 1962ರಲ್ಲಿ ಶಾಲೆಯವರು ಪ್ರಾರ್ಥನೆ ಮಾಡಿಸುವುದನ್ನೂ, 1963ರಲ್ಲಿ ಬೈಬಲ್ ಪಠನವನ್ನೂ ಅಲ್ಲಿನ ಸರ್ವೋಚ್ಚ ನ್ಯಾಯಸ್ಥಾನವು ವಿಧಿವಿರುದ್ಧವೆಂದು ತೀರ್ಮಾನಿಸಿತು. ಬಹುಸಂಖ್ಯಾತರ ಮತಕ್ಕೇ ಶಾಲೆಯ ಬಾಗಿಲು ಹೀಗೆ ಮುಚ್ಚಿದ ಮೇಲೆ, ಪೂರ್ವದೇಶಗಳಿಂದ ಬಂದ ಅಭ್ಯಾಸಗಳಿಗೆ ಅದೇ ಬಾಗಿಲು ತೆರೆದಿರಬಹುದೇ ಎಂಬ ಪ್ರಶ್ನೆ ಇಂದೋ ನಾಳೆಯೋ ಏಳತಕ್ಕದ್ದೇ ಆಗಿತ್ತು.

ಅದು ಮೊದಲು ಎದ್ದುದು ಧ್ಯಾನದ ವಿಷಯದಲ್ಲಿ. ಮಹರ್ಷಿ ಮಹೇಶ ಯೋಗಿಗಳ ಭಾವಾತೀತ ಧ್ಯಾನವನ್ನು ನ್ಯೂಜರ್ಸಿ ಸಂಸ್ಥಾನದ ಐದು ಹೈಸ್ಕೂಲುಗಳಲ್ಲಿ ಇಷ್ಟಬಂದವರು ಆರಿಸಿಕೊಳ್ಳುವ ಪಾಠವಾಗಿ ಇಟ್ಟಿದ್ದರು. ಮಂತ್ರವನ್ನು ಪಡೆಯುವ ದಿನ ವಿದ್ಯಾರ್ಥಿಯು ಹಣ್ಣು, ಹೂವು, ಒಂದು ಕೈವಸ್ತ್ರ ಇವುಗಳನ್ನು ತರಬೇಕು. ಬೋಧಕನು ಗುರುವಿನ ಚಿತ್ರಪಟದ ಮುಂದೆ ಸಂಸ್ಕೃತದಲ್ಲಿ ಪೂಜೆಯನ್ನು ಪಠಿಸುವನು. ಇದು ಶಾಸ್ತ್ರೀಯ ವಿಜ್ಞಾನವೇ ಹೊರತು ಮತವಲ್ಲವೆಂದು ಪ್ರತಿವಾದಿಗಳು ಹೇಳಿದರು. ನ್ಯಾಯಸ್ಥಾನವು ಅದನ್ನು ಒಪ್ಪಲಿಲ್ಲ. 1977ರಲ್ಲಿ ಆದ ಆ ತೀರ್ಪನ್ನು 1979ರಲ್ಲಿ ಮೇಲಿನ ನ್ಯಾಯಸ್ಥಾನವೂ ಎತ್ತಿಹಿಡಿಯಿತು. ನಮ್ಮಲ್ಲಿ ಗುರುಪೂಜೆಯನ್ನು ಕಂಡಿರುವ ಯಾರೇ ಆಗಲಿ ಈ ತೀರ್ಪನ್ನು ಅನ್ಯಾಯವೆನ್ನಲಾರರು. ಹಣ್ಣು ಹೂವುಗಳನ್ನಿಟ್ಟು ಮಂತ್ರ ಹೇಳುವುದನ್ನು ಪೂಜೆಯಲ್ಲವೆಂದರೆ ನಮ್ಮ ಅಜ್ಜಿಯರೂ ನಕ್ಕಾರು.

ಎನ್ಸಿನಿಟಾಸಿನ ಸಂಗತಿ ಇಷ್ಟು ಸುಲಭವಾದುದಲ್ಲ. ಅಲ್ಲಿನ ಒಂಬತ್ತು ಪ್ರಾಥಮಿಕ ಪಾಠಶಾಲೆಗಳಲ್ಲಿ ವಾರಕ್ಕೆರಡು ಬಾರಿ, ಪ್ರತಿ ಬಾರಿಯೂ ಅರ್ಧ ಗಂಟೆಯ ಕಾಲ, ವ್ಯಾಯಾಮದ ಪಾಠದ ಭಾಗವಾಗಿ ಯೋಗಾಸನಗಳನ್ನು ಕಲಿಸಲು ಏರ್ಪಾಡಾಯಿತು. ಅದಕ್ಕೆ ಬೇಕಾದ 5,33,000 ಡಾಲರುಗಳಿಗೂ ಮಿಗಿಲಾದ ದ್ರವ್ಯವನ್ನು ಕೊಟ್ಟುದು ಜೋಯಿಸ್ ಫೌಂಡೇಷನ್ ಎಂಬ ಸಂಸ್ಥೆ. ಮೈಸೂರಿನ ಯೋಗಾಚಾರ್ಯರಾಗಿದ್ದ ಪಟ್ಟಾಭಿ ಜೋಯಿಸರ ಹೆಸರಿನಲ್ಲಿ, ಅವರ ಅಷ್ಟಾಂಗ ಯೋಗಪದ್ಧತಿಯಲ್ಲಿ ಶ್ರದ್ಧೆಯುಳ್ಳವರು ಹುಟ್ಟಿಸಿದ ಸಂಸ್ಥೆ ಅದು. ಕೆಲವು ತಂದೆತಾಯಿಗಳಿಗೆ ಇದು ಸರಿಬೀಳಲಿಲ್ಲ. ಗೋಡೆಯ ಮೇಲೆ ಅಷ್ಟಾಂಗಗಳನ್ನು ತೋರಿಸುವ ಪಟ, ಸಂಸ್ಕೃತದ ಹೆಸರುಗಳು, ಪಾಠದ ಕೊನೆಯಲ್ಲಿ ಕೈಮುಗಿದು ಹೇಳುವ ನಮಸ್ತೆ, ಬಣ್ಣ ತುಂಬುವುದಕ್ಕೆಂದು ಕೊಟ್ಟ ಮಂಡಲಗಳು ಇವೆಲ್ಲವೂ ತಮ್ಮ ಮಕ್ಕಳನ್ನು ಬೇರೊಂದು ಮತದ ಕಡೆಗೆ ಸೆಳೆಯುವುವೆಂದು ಅವರು ಆಕ್ಷೇಪಿಸಿದರು. ಶಾಲಾಮಂಡಲಿಯವರು ಇವುಗಳನ್ನೆಲ್ಲ ತೆಗೆದುಹಾಕಿದರು. ಆಸನಗಳಿಗೆ ಮಕ್ಕಳಿಗೆ ಒಪ್ಪುವ ಇಂಗ್ಲೀಷು ಹೆಸರುಗಳು ಬಂದುವು; ಪದ್ಮಾಸನಕ್ಕೆ ಬಂದ ಹೊಸ ಹೆಸರು ‘ಕ್ರಿಸ್ ಕ್ರಾಸ್ ಆಪಲ್ ಸಾಸ್’ ಎಂಬುದು. ಕಾಲು ಮಡಿಸಿ ಕುಳಿತುಕೊಳ್ಳಿರೆಂದು ಅಲ್ಲಿನ ಶಿಶುಶಾಲೆಗಳಲ್ಲಿ ಹೇಳುವ ಪ್ರಾಸದ ಮಾತು ಅದು. ಇಷ್ಟಾದರೂ ಆಕ್ಷೇಪಣೆ ನಿಲ್ಲದೆ 2013ರ ಫೆಬ್ರವರಿಯಲ್ಲಿ ದಾವೆ ಹೂಡಲ್ಪಟ್ಟಿತು.

ಆ ವರ್ಷದ ಜುಲೈ 1ರಂದು ತೀರ್ಪಾಯಿತು. ಯೋಗದ ಮೂಲದಲ್ಲಿ ಮತವಿದೆ ಎಂಬುದನ್ನು ನ್ಯಾಯಾಧೀಶರು ಒಪ್ಪಿಕೊಂಡರು. ಆದರೆ ಈ ಪಟ್ಟಣದ ಶಾಲೆಗಳಲ್ಲಿ ಕಲಿಸುತ್ತಿರುವುದರಲ್ಲಿ ಮತವಿಲ್ಲ, ನೋಡುವ ಮಗುವಿನ ಕಣ್ಣಿಗೆ ಅದು ಬೇರೆ ಯಾವ ಆಟಪಾಟಗಳಂತೆಯೋ ಹಾಗೆಯೇ ಒಂದು ವ್ಯಾಯಾಮ, ಎಂದು ಹೇಳಿ ದಾವೆಯನ್ನು ತಳ್ಳಿಹಾಕಿದರು. 2015ರ ಏಪ್ರಿಲ್ 3ರಂದು ಅಪೀಲು ನ್ಯಾಯಸ್ಥಾನವೂ ಇದನ್ನು ಸ್ಥಿರಪಡಿಸಿತು. ಕೆಲವು ಸಂದರ್ಭಗಳಲ್ಲಿ ಯೋಗವು ಮತಾಚರಣೆಯಾಗಿರಬಹುದು, ಇಲ್ಲಿ ಹಾಗಿಲ್ಲ ಎಂಬುದು ಅವರ ನಿರ್ಣಯದ ತಾತ್ಪರ್ಯ.

ಇನ್ನೊಂದು ಸಂಸ್ಥಾನದ ವೃತ್ತಾಂತವನ್ನೂ ಕೇಳಬೇಕು. ಅಲಬಾಮಾ ಸಂಸ್ಥಾನದ ವಿದ್ಯಾಮಂಡಲಿಯು 1993ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಯೋಗ, ಧ್ಯಾನ, ಸಂಮೋಹನ ಈ ಮೂರನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿತ್ತು. 2021ರ ಮೇ ತಿಂಗಳಲ್ಲಿ ಹೊಸದೊಂದು ಕಾಯಿದೆಯು ಆ ನಿಷೇಧವನ್ನು ಸಡಿಲಿಸಿ, ಆಯಾ ಊರಿನ ಶಾಲಾಮಂಡಲಿಗಳು ಬಯಸಿದರೆ ಯೋಗವನ್ನು ಕಲಿಸಬಹುದೆಂದಿತು. ಆದರೆ ಷರತ್ತುಗಳು ಹಲವು: ಆಸನಗಳಿಗೆ ಇಂಗ್ಲೀಷು ಹೆಸರೇ ಇರಬೇಕು, ಮಂತ್ರ, ಮುದ್ರೆ, ಮಂಡಲಗಳು ಕೂಡದು, ನಮಸ್ತೆ ಎಂದು ವಂದಿಸುವುದೂ ಕೂಡದು, ತಂದೆತಾಯಿಗಳ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ದಿನ ಬೆಳಗಾದರೆ ನೆರೆಹೊರೆಯವರಿಗೆ ನಾವು ಹೇಳುವ ನಮಸ್ಕಾರವೊಂದನ್ನು ಕಾಯಿದೆಯಲ್ಲಿ ಹೆಸರಿಸಿ ನಿಷೇಧಿಸಿರುವುದನ್ನು ಕೇಳಿದಾಗ ನಮಗೆ ನಗುವೂ ಬರುತ್ತದೆ, ಸ್ವಲ್ಪ ನೋವೂ ಆಗುತ್ತದೆ. ಆದರೆ ನಕ್ಕು ಮುಗಿಸುವುದು ಇತಿಹಾಸವನ್ನು ನೋಡುವವರ ಲಕ್ಷಣವಲ್ಲ. ಅವರು ಹೆದರಿದ ಯೋಗವು ಎಲ್ಲಿಂದ ಬಂತು, ಅದು ಶಾಲೆಯ ಪಾಠವಾದುದು ಹೇಗೆ, ಎಂಬುದನ್ನು ಈಗ ವಿಚಾರಮಾಡೋಣ.

ಪತಂಜಲಿಯ ಸೂತ್ರಗಳು 195. ಅವುಗಳಲ್ಲಿ ಆಸನವನ್ನು ಕುರಿತು ನೇರವಾಗಿ ಹೇಳುವುವು ಕೇವಲ ಮೂರು. ಅಲ್ಲಿ ಆಸನವೆಂದರೆ ಧ್ಯಾನಕ್ಕೆ ಅನುಕೂಲವಾಗಿ ಸ್ಥಿರವಾಗಿ ಕುಳಿತುಕೊಳ್ಳುವ ರೀತಿ. ಅದರ ಗುರಿ ಚಿತ್ತವೃತ್ತಿಗಳ ನಿರೋಧ. ಸುಮಾರು 15ನೆಯ ಶತಮಾನದ ಹಠಯೋಗಪ್ರದೀಪಿಕೆಗೆ ಬಂದರೆ ಅಲ್ಲಿ ವಿವರಿಸಿರುವ ಆಸನಗಳು 15. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರವರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳಲ್ಲಿ ಹಗ್ಗವನ್ನು ಹಿಡಿದು ಮಾಡುವುವೂ, ಗರಡಿಯ ಸಾಧಕರ ದಂಡಗಳನ್ನು ಹೋಲುವುವೂ ಉಂಟು. ಈ ಚಿತ್ರಗಳನ್ನು 1996ರಲ್ಲಿ ಪ್ರಕಟಿಸಿದ ನಾರ್ಮನ್ ಶೋಮನ್ ಎಂಬ ವಿದ್ವಾಂಸರು, ಮೈಸೂರು ಅರಮನೆಯ ಯೋಗಪರಂಪರೆಯಲ್ಲಿ ಪ್ರಾಚೀನ ಹಠಯೋಗದ ಜತೆಗೆ ಗರಡಿಯ ಸಾಧನೆಯೂ ಪಾಶ್ಚಾತ್ಯ ಅಂಗಸಾಧನೆಯೂ ಬೆರೆತಿವೆಯೆಂದು ವಾದಿಸಿದರು. ಇದನ್ನು ಒಪ್ಪದವರೂ ಇದ್ದಾರೆ. ಆದರೆ ಮೂರು ಸೂತ್ರಗಳಿಂದ ನೂರಾರು ಆಸನಗಳವರೆಗಿನ ದಾರಿ ಉದ್ದವಾದುದು, ಅದರಲ್ಲಿ ಅನೇಕರ ಹೆಜ್ಜೆಗಳಿವೆ, ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆ ದಾರಿಯು ಪಾಠಶಾಲೆಯ ಅಂಗಳಕ್ಕೆ ತಿರುಗಿದುದು 1920ರಿಂದ 1940ರವರೆಗಿನ ಕಾಲದಲ್ಲಿ. ಆಗ ಶಾಲೆಗಳಲ್ಲಿ ನಡೆಯುತ್ತಿದ್ದುದು ಯೂರೋಪಿನಿಂದ ಬಂದ ಡ್ರಿಲ್ಲು. ಆಜ್ಞೆಗೆ ಸರಿಯಾಗಿ ಕೈಯೆತ್ತಿ ಕೈಯಿಳಿಸುವ ಆ ಕವಾಯತಿನ ಬದಲಿಗೆ, ಹಣ ಬೇಡದ, ಸಾಮಾನು ಬೇಡದ, ನಮ್ಮದೇ ಆದ ಒಂದು ಅಂಗಸಾಧನೆ ಬೇಕೆಂಬ ಆಸೆ ದೇಶಾಭಿಮಾನಿಗಳಲ್ಲಿ ಹುಟ್ಟಿತು. 1924ರಲ್ಲಿ ಲೋನಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಆಸನ ಪ್ರಾಣಾಯಾಮಗಳ ಫಲವನ್ನು ಯಂತ್ರಗಳಿಂದ ಅಳೆದು ನೋಡಿದರು. 1936ರಲ್ಲಿ, ಅನೇಕರು ಒಟ್ಟಿಗೆ ನಿಂತು ಮಾಡತಕ್ಕ ಯೌಗಿಕ ವ್ಯಾಯಾಮಕ್ಕೆಂದೇ ಒಂದು ಪುಸ್ತಕವನ್ನು ಬರೆದರು. ಔಂಧ್ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಗಳು ಸೂರ್ಯನಮಸ್ಕಾರವನ್ನು ತಮ್ಮ ರಾಜ್ಯದ ಶಾಲೆಗಳಲ್ಲಿ ಬಳಕೆಗೆ ತಂದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ವಿದ್ವಾನ್ ತಿರುಮಲೈ ಕೃಷ್ಣಮಾಚಾರ್ಯರಿಗೆ ಆಶ್ರಯವಿತ್ತು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆಯಿಸಿದರು. ಅಲ್ಲಿ ಕಲಿತವರಲ್ಲಿ ಹೆಚ್ಚಿನವರು ಹುಡುಗರು. ಬೆಳೆಯುವ ಮೈಗೆ ಒಗ್ಗುವಂತೆ, ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲೆಕ್ಕದಲ್ಲಿ ಸಾಗುವ ಚುರುಕಾದ ಕ್ರಮವೊಂದು ಅಲ್ಲಿ ರೂಢಿಗೆ ಬಂದಿತು. ಆಚಾರ್ಯರ ‘ಯೋಗಮಕರಂದ’ವು ಕನ್ನಡದಲ್ಲಿ 1934ರಲ್ಲಿ ಅಚ್ಚಾಯಿತು. ಯೋಗವನ್ನು ಜನರಿಗೆ ತೋರಿಸುವುದಕ್ಕಾಗಿ ಆಚಾರ್ಯರೂ ಶಿಷ್ಯರೂ ಅರಮನೆಯ ನೆರವಿನಿಂದ ಊರೂರು ಸಂಚರಿಸಿದರು.

ಹಾಸನ ಸೀಮೆಯ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸರೂ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರೂ ಈ ಆಚಾರ್ಯರ ಶಿಷ್ಯರೇ. ಜೋಯಿಸರು 1937ರಿಂದ 1973ರವರೆಗೆ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗವನ್ನು ಬೋಧಿಸಿದರು. 1975ರಲ್ಲಿ ಅವರು ಮೊದಲ ಬಾರಿಗೆ ಅಮೆರಿಕಾಕ್ಕೆ ಹೋಗಿ ಇಳಿದ ಊರು ಯಾವುದೆಂದರೆ, ಅದೇ ಎನ್ಸಿನಿಟಾಸ್. ಜಗನ್ಮೋಹನ ಅರಮನೆಯ ಹುಡುಗರಿಗೆ ಕಲಿಸಿದ ಕ್ರಮವೇ ಎಂಟು ದಶಕಗಳ ಬಳಿಕ ಆ ಪಟ್ಟಣದ ಹುಡುಗರ ಮುಂದೆ ಬಂದು ನಿಂತಿತೆಂದರೆ ತಪ್ಪಾಗಲಾರದು.

ಈ ಇತಿಹಾಸವು ವ್ಯಾಜ್ಯದ ಎರಡು ಪಕ್ಷಗಳಿಗೂ ಸಾಕ್ಷಿಯಾಗುತ್ತದೆ. ಹಾಗೆಯೇ ಎರಡು ಪಕ್ಷಗಳನ್ನೂ ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಯೋಗವು ಶಾಲೆಯ ಮಕ್ಕಳ ವ್ಯಾಯಾಮವೆನ್ನುವವರು ಹೇಳುವುದು ದಿಟ. ನಾವು ಇಂದು ಕಾಣುವ ಈ ರೂಪವನ್ನು ಸಿದ್ಧಗೊಳಿಸಿದವರು ಬಹುಮಟ್ಟಿಗೆ ಬಾಲಕರ ಆರೋಗ್ಯವನ್ನೇ ಗುರಿಯಾಗಿಟ್ಟುಕೊಂಡಿದ್ದರು. ಯೋಗದಲ್ಲಿ ಮತವಿದೆಯೆನ್ನುವವರು ಹೇಳುವುದೂ ದಿಟ. ಕೃಷ್ಣಮಾಚಾರ್ಯರು ನಿಷ್ಠಾವಂತ ಶ್ರೀವೈಷ್ಣವರು. ಈಶ್ವರಪ್ರಣಿಧಾನವನ್ನು ಬಿಟ್ಟು ಮೈಯನ್ನು ಮಾತ್ರ ಬಗ್ಗಿಸುವುದನ್ನು ಅವರು ಯೋಗವೆಂದು ಒಪ್ಪುತ್ತಿದ್ದರೆಂದು ನಾವು ನಂಬಲಾರೆವು. ಅಮೆರಿಕಾದಲ್ಲೇ ನೆಲೆಸಿರುವ ಹಿಂದೂಗಳ ಒಂದು ಸಂಸ್ಥೆಯು, ಯೋಗದ ಬೇರು ಹಿಂದೂಧರ್ಮದಲ್ಲಿದೆಯೆಂಬುದನ್ನು ಮರೆಮಾಚಬಾರದೆಂದು ಕೆಲವು ವರ್ಷಗಳ ಹಿಂದೆ ದೊಡ್ಡ ಪ್ರಚಾರವನ್ನೇ ನಡೆಸಿತು. ಎನ್ಸಿನಿಟಾಸಿನ ವಾದಿಗಳಾದ ಕ್ರೈಸ್ತರೂ, ಸ್ವಧರ್ಮಾಭಿಮಾನಿಗಳಾದ ಹಿಂದೂಗಳೂ, ಬೇರೆ ಬೇರೆ ಉದ್ದೇಶಗಳಿಂದ, ಒಂದೇ ಮಾತನ್ನು ಆಡುವಂತಾಯಿತು!

ವಾದಿಗಳ ಪರವಾಗಿ ಸಾಕ್ಷ್ಯ ನುಡಿದ ಇಂಡಿಯಾನಾ ವಿಶ್ವವಿದ್ಯಾನಿಲಯದ ಕ್ಯಾಂಡಿ ಗುಂಥರ್ ಬ್ರೌನ್ ಎಂಬ ಅಧ್ಯಾಪಿಕೆಯವರ ಒಂದು ಯುಕ್ತಿಯು ವಿಚಾರಯೋಗ್ಯವಾಗಿದೆ. ಮತವೆಂದರೆ ಮನಸ್ಸಿನ ನಂಬಿಕೆ, ಬಾಯಿಂದ ಹೇಳುವ ಸಿದ್ಧಾಂತ, ಎಂಬುದು ಪ್ರಾಟೆಸ್ಟೆಂಟ್ ಕ್ರೈಸ್ತರ ಭಾವನೆ. ಮಾತನ್ನು ತೆಗೆದರೆ ಮತವೂ ಹೋಯಿತೆಂದು ನ್ಯಾಯಾಧೀಶರು ತಿಳಿದುದು ಆ ಭಾವನೆಯಿಂದಲೇ. ಆದರೆ ಆಚರಣೆಯೇ ಮುಖ್ಯವಾದ ಧರ್ಮಗಳೂ ಇವೆ, ಎಂದು ಅವರ ವಾದ. ನಮಗೆ ಇದು ಹೊಸ ಮಾತಲ್ಲ. ನಮ್ಮಲ್ಲಿ ಆಚಾರಕ್ಕೆ ಇರುವ ತೂಕವನ್ನು ಯಾರು ಅರಿಯರು? ದೇವರ ಮುಂದೆ ಮಂತ್ರವಿಲ್ಲದೆ ಅಡ್ಡಬಿದ್ದರೂ ಅದು ನಮಸ್ಕಾರವೇ. ಆದರೂ ಅಡ್ಡಬೀಳುವ ಭಂಗಿಯೆಲ್ಲ ನಮಸ್ಕಾರವಲ್ಲ. ಗರಡಿಯಲ್ಲಿ ದಂಡ ಹೊಡೆಯುವವನು ಯಾರಿಗೂ ವಂದಿಸುತ್ತಿಲ್ಲ. ಮೈಯ ಭಂಗಿಗೆ ಅರ್ಥವನ್ನು ಕೊಡುವುದು ಮಾಡುವವನ ಸಂಕಲ್ಪ, ಮತ್ತು ಅವನ ಸುತ್ತ ಇರುವ ಸಂದರ್ಭ. ಹೀಗಿರುವಲ್ಲಿ, ಪುಟ್ಟ ಮಗುವಿನ ಸಂಕಲ್ಪವನ್ನು ಯಾರು ನಿಶ್ಚಯಿಸಬೇಕು? ಅಧ್ಯಾಪಕರೇ, ಸರ್ಕಾರವೇ, ತಂದೆತಾಯಿಗಳೇ? ಈ ವಿವಾದದ ತಿರುಳು ಇದೇ ಎಂದು ನಾವು ಭಾವಿಸುತ್ತೇವೆ.

ಇದೇ ಪ್ರಶ್ನೆ ನಮ್ಮ ದೇಶದಲ್ಲಿಯೂ ಎದ್ದಿದೆ. ವಿಶ್ವಸಂಸ್ಥೆಯು 2014ರ ಡಿಸೆಂಬರಿನಲ್ಲಿ ಗೊತ್ತುಮಾಡಿದ ಅಂತರರಾಷ್ಟ್ರೀಯ ಯೋಗದಿನವು 2015ರ ಜೂನ್ 21ರಂದು ಮೊದಲ ಬಾರಿಗೆ ನಡೆಯಿತು. ಆಗ ಕೆಲವು ಮುಸಲ್ಮಾನ ಮುಖಂಡರು, ದೇವರೊಬ್ಬನಿಗಲ್ಲದೆ ಸೂರ್ಯನಿಗೆ ನಮಸ್ಕರಿಸುವುದು ತಮ್ಮ ಧರ್ಮಕ್ಕೆ ಒಗ್ಗದೆಂದರು. ಅಂದಿನ ಕಾರ್ಯಕ್ರಮದಲ್ಲಿ ಕೇಂದ್ರ ಸರ್ಕಾರದವರು ಸೂರ್ಯನಮಸ್ಕಾರವನ್ನು ಸೇರಿಸಲಿಲ್ಲ. ಶಾಲೆಗಳಲ್ಲಿ ಯೋಗವನ್ನು ಕಡ್ಡಾಯಮಾಡಬೇಕೆಂದು ಕೋರಿದ ಅರ್ಜಿಯನ್ನು 2017ರ ಆಗಸ್ಟಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಶಾಲೆಯಲ್ಲಿ ಏನನ್ನು ಕಲಿಸಬೇಕೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸವಲ್ಲವೆಂದಿತು. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧೆ ಕೂಡದೆಂದೂ, ಸರ್ಕಾರದ ಮನ್ನಣೆಯನ್ನೋ ನೆರವನ್ನೋ ಪಡೆದ ಶಾಲೆಯಲ್ಲಿ ಮತಬೋಧೆಗೋ ಪೂಜೆಗೋ ಯಾರನ್ನಾದರೂ ಸೇರಿಸಿಕೊಳ್ಳಬೇಕಾದರೆ ಅವರ ಒಪ್ಪಿಗೆ, ಮಕ್ಕಳಾದರೆ ಪೋಷಕರ ಒಪ್ಪಿಗೆ, ಬೇಕೆಂದೂ ನಮ್ಮ ಸಂವಿಧಾನದ 28ನೆಯ ಅನುಚ್ಛೇದವು ವಿಧಿಸುತ್ತದೆ. ಕೇರಳದ ಮೂವರು ಮಕ್ಕಳು, ರಾಷ್ಟ್ರಗೀತೆಯ ಕಾಲದಲ್ಲಿ ಗೌರವದಿಂದ ಎದ್ದು ನಿಂತರೂ ತಮ್ಮ ಮತಕ್ಕೆ ವಿರುದ್ಧವೆಂದು ಹಾಡದಿದ್ದುದಕ್ಕಾಗಿ ಶಾಲೆಯಿಂದ ಹೊರಹಾಕಲ್ಪಟ್ಟಿದ್ದರು. ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು 1986ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಆ ತೀರ್ಪು ನಮ್ಮ ದೇಶಕ್ಕೆ ಭೂಷಣಪ್ರಾಯವಾದುದೆಂದು ನಾವು ಎಣಿಸುತ್ತೇವೆ.

ಈಗ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಅಲಬಾಮಾದ ತಂದೆಯೊಬ್ಬನು ತನ್ನ ಮಗು ನಮಸ್ತೆ ಎನ್ನಬಾರದೆಂದರೆ ನಾವು ಅವನ ಸಂಕುಚಿತ ಬುದ್ಧಿಯನ್ನು ಆಡಿಕೊಳ್ಳುತ್ತೇವೆ. ನಮ್ಮ ಮಕ್ಕಳು ಓದುವ ಕ್ರೈಸ್ತ ಶಾಲೆಯಲ್ಲಿ ಅವರನ್ನು ದಿನವೂ ಮೊಣಕಾಲೂರಿ ನಿಲ್ಲಿಸಿ, ಇದು ಮೊಣಕಾಲಿಗೆ ಹಿತವಾದ ವ್ಯಾಯಾಮ ಮಾತ್ರ ಎಂದರೆ ನಾವು ಸುಮ್ಮನಿರುತ್ತೇವೆಯೆ? ಇರಲಾರೆವು. ನಮಗೆ ಸಲ್ಲುವ ಸಂಶಯವು ಪರರಿಗೂ ಸಲ್ಲಬೇಕು. ಇಡೀ ತರಗತಿಯು ಕೈಮುಗಿದು ನಿಂತಿರುವಾಗ ಒಂದು ಮಗು ಮಾತ್ರ ಗೋಡೆಯ ಪಕ್ಕದಲ್ಲಿ ತಲೆತಗ್ಗಿಸಿ ನಿಂತಿರುವುದನ್ನು ಕಲ್ಪಿಸಿಕೊಳ್ಳಿರಿ. ಇಷ್ಟವಿಲ್ಲದವರು ಬಿಡಬಹುದೆಂದು ಕಾಗದದ ಮೇಲೆ ಬರೆದ ಮಾತು ಆ ಮಗುವಿನ ನಾಚಿಕೆಯನ್ನು ಕಳೆಯಲಾರದು. ವ್ಯಾಜ್ಯಗಳಲ್ಲಿ ಹಿರಿಯರು ಸೋಲುತ್ತಾರೆ, ಗೆಲ್ಲುತ್ತಾರೆ. ನಡುವೆ ನಿಲ್ಲುವುದು ಆ ಮಗು.

ಇಷ್ಟನ್ನೂ ಒಪ್ಪಿದ ಮೇಲೆ, ಹೆಸರುಗಳನ್ನು ಅಳಿಸಿದರೆ ತೊಡಕು ಬಿಡಿಸಿದಂತಾಗುವುದೆಂಬುದನ್ನು ನಾವು ಒಪ್ಪಲಾರೆವು. ತಾಡಾಸನವೆಂಬುದು ಒಂದು ಹೆಸರು, ಪ್ರಾರ್ಥನೆಯಲ್ಲ. ಅಂಕಗಣಿತವನ್ನು ಕಲಿಸುವಾಗ ಸೊನ್ನೆಯು ಭಾರತದ್ದೆಂದೂ, ಬೀಜಗಣಿತದ ಇಂಗ್ಲೀಷು ಹೆಸರು ಅರಬ್ಬೀ ಭಾಷೆಯದೆಂದೂ ಹೇಳಿದರೆ ಯಾರ ಮತಕ್ಕೂ ಕುಂದು ಬರುವುದಿಲ್ಲ. ಒಂದು ವಿದ್ಯೆಯನ್ನು ಪಡೆದವರು ಅದನ್ನು ಎಲ್ಲಿಂದ ಪಡೆದೆವೆಂದು ಹೇಳುವುದು ಸೌಜನ್ಯ. ಮುಚ್ಚಿಡುವುದು ಒಂದು ಬಗೆಯ ಅಸತ್ಯ. ಮತಗಳ ವಿಷಯವನ್ನು ತಿಳಿಸುವುದು ಬೇರೆ, ಮತಾಚರಣೆಯನ್ನು ಮಾಡಿಸುವುದು ಬೇರೆ. ಈ ಭೇದವನ್ನು ಅಮೆರಿಕಾದ ನ್ಯಾಯಸ್ಥಾನವು 1963ರಲ್ಲಿಯೂ, ನಮ್ಮ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿಯೂ ಅಂಗೀಕರಿಸಿವೆ. ಆದುದರಿಂದ ಹೆಸರು ಉಳಿಯಲಿ, ಇತಿಹಾಸವೂ ಉಳಿಯಲಿ. ಶಾಲೆಯ ವ್ಯಾಯಾಮದ ಗಂಟೆಯಲ್ಲಿ ಮಂತ್ರವೂ ಪೂಜೆಯೂ ಬೇಡ. ಒಲ್ಲದ ಮಗುವಿಗೆ ಅಷ್ಟೇ ಮರ್ಯಾದೆಯುಳ್ಳ ಬೇರೊಂದು ಆಟ ಅದೇ ಹೊತ್ತಿನಲ್ಲಿ ಸಿಕ್ಕಲಿ. ಮಂತ್ರವೂ ಬೇಕೆನ್ನುವವರಿಗೆ ಮನೆಯುಂಟು, ಗುರುಕುಲವುಂಟು, ದೇವಾಲಯವುಂಟು.

ವಿವಾದವು ಮುಗಿಯಿತೆಂದು ಹೇಳುವ ಹಾಗಿಲ್ಲ. ಎನ್ಸಿನಿಟಾಸಿನ ಅಪೀಲಿನಲ್ಲಿ ಬಳಸಿದ ಒರೆಗಲ್ಲು, ಅಂದರೆ ಸರ್ಕಾರದ ಉದ್ದೇಶವೇನು, ಮುಖ್ಯಫಲವೇನು, ಮತದೊಡನೆ ಅತಿಯಾದ ತೊಡಕುಂಟೇ ಎಂದು ಕೇಳುವ 1971ರ ಕ್ರಮವನ್ನು, ಅಮೆರಿಕಾದ ಸರ್ವೋಚ್ಚ ನ್ಯಾಯಸ್ಥಾನವು 2022ರಲ್ಲಿ ಬದಿಗಿಟ್ಟಿತು. ಇನ್ನು ಮುಂದೆ ಇತಿಹಾಸವನ್ನೂ ಪೂರ್ವಪದ್ಧತಿಗಳನ್ನೂ ನೋಡಿ ನಿರ್ಣಯಿಸಬೇಕೆಂದಿತು. ಹಾಗಾದರೆ ಯೋಗದ ಇತಿಹಾಸವನ್ನು ಸರಿಯಾಗಿ ಹೇಳಬಲ್ಲವರ ಹೊಣೆ ಹಿಂದಿಗಿಂತ ಹೆಚ್ಚಾಯಿತು. ಅದು ಬರಿಯ ಕಸರತ್ತೆಂದು ಹೇಳಿದರೆ ಕೃಷ್ಣಮಾಚಾರ್ಯರಿಗೆ ಅನ್ಯಾಯ. ಬರಿಯ ಪೂಜೆಯೆಂದರೆ, ಹುಡುಗರ ಮೈ ಗಟ್ಟಿಯಾಗಲೆಂದು ಅರಮನೆಯ ಹಜಾರವನ್ನೇ ಬಿಟ್ಟುಕೊಟ್ಟ ನಾಲ್ವಡಿಯವರಿಗೆ ಅನ್ಯಾಯ. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯವು ಯೋಗವನ್ನು ಪಡೆದ ನಾಡಿನವರಾದ ನಮಗೆ ಇರಬೇಕು. ಆ ಧೈರ್ಯದ ಜತೆಗೆ, ಗೋಡೆಯ ಪಕ್ಕದಲ್ಲಿ ನಿಂತ ಆ ಒಂದು ಮಗುವಿನ ನೆನಪೂ ಇರಬೇಕೆಂದು ಅರಿಕೆಮಾಡಿ, ಈ ಭಾಷಣವನ್ನು ಮುಗಿಸುತ್ತೇವೆ.